ನಡೆದುಹೋದ ರಾಜಧಾನಿ

ಯುರೋಪಿನ ದೊಡ್ಡ ಪಟ್ಟಣಗಳಲ್ಲಿ ಕೊಡೆ ಹಿಡಿದವರ ಹಿಂದೆ ಜನ ನಡೆಯುತ್ತಾರೆ. ಮಳೆ ಬರುತ್ತಿರುವುದಿಲ್ಲ, ಬಿಸಿಲು ನಮ್ಮ ಕಡೆಯವರ ಲೆಕ್ಕದಲ್ಲಿ ಬಿಸಿಲೇ ಅಲ್ಲ. ಆದರೂ ಕೆಂಪದೋ ಹಳದಿಯದೋ ಒಂದು ಕೊಡೆ ಗುಂಪಿನ ನೆತ್ತಿಯ ಮೇಲೆ ತೇಲಿಕೊಂಡು ಹೋಗುತ್ತಿರುತ್ತದೆ. ಅದರ ಹಿಂದೆ ಇಪ್ಪತ್ತು ಮೂವತ್ತು ಜನ ನೀರಿನ ಬಾಟಲಿ ಹಿಡಿದು, ಕತ್ತೆತ್ತಿ ಗೋಪುರ ನೋಡುತ್ತಾ, ಕಲ್ಲುಹಾಸಿನ ಮೇಲೆ ಎಡವುತ್ತಾ ಸಾಗುತ್ತಾರೆ. ಉತ್ಸವದಲ್ಲಿ ಸತ್ತಿಗೆ ಹಿಡಿದವನ ಹಿಂದೆ ನಾವು ಹೋಗುತ್ತೇವಲ್ಲ, ಹಾಗೆಯೇ. ನಡುವೆ ದೇವರೊಂದು ಇರುವುದಿಲ್ಲ, ಅಷ್ಟೆ. ಇದಕ್ಕೆ ವಾಕಿಂಗ್ ಟೂರ್ ಅನ್ನುತ್ತಾರೆ. ಎಷ್ಟೋ ಕಡೆ ಪುಕ್ಕಟೆ ಅಂತಲೇ ಬೋರ್ಡು ಹಾಕಿರುತ್ತಾರೆ. ಪುಕ್ಕಟೆಗೆ ಎಷ್ಟು ಕೊಡಬೇಕು ಅನ್ನುವುದು ಕೊನೆಯ ಚೌಕದಲ್ಲಿ ಗೈಡು ಟೋಪಿ ತೆಗೆದು ಕೈಯಲ್ಲಿ ಹಿಡಿದಾಗ ಗೊತ್ತಾಗುತ್ತದೆ.

ನನ್ನ ಮಗಳು, ಅಳಿಯ ವಿಯೆನ್ನಾದಲ್ಲಿದ್ದಾರೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ವಿಯೆನ್ನಾ ಅಂದರೆ ನನಗೆ 1815ರ ಸಮ್ಮೇಳನ, ನಾಲ್ಕು ಅಂಕದ ಪ್ರಶ್ನೆ. ಆ ಸಮ್ಮೇಳನದ ಮುಖಂಡ ಮೆಟರ್ನಿಕ್ ಅನ್ನುವ ಹೆಸರನ್ನು ಶಿರಾ, ಮಧುಗಿರಿ, ಪಾವಗಡದ ಮಕ್ಕಳ ಬಾಯಲ್ಲಿ ತಿದ್ದಿ ತಿದ್ದಿ ಸುಸ್ತಾದವನು. ಹೆರಿಗೆ, ಬಾಣಂತನ ಅಂತ ಹೆಂಡತಿಯ ಜೊತೆ ಅಲ್ಲಿಗೆ ಹೋದಾಗ ಮನೆಯಲ್ಲಿ ನನ್ನಿಂದ ಆಗುವ ಕೆಲಸ ಏನೂ ಇರಲಿಲ್ಲ. ಇದ್ದ ಒಂದು ಕೆಲಸ ಅಂದರೆ ಅಡುಗೆಮನೆಗೆ ಅಡ್ಡ ಬರುವುದು. ಅದಕ್ಕೇ ಅಳಿಯಂದಿರು ಒಂದು ಬೆಳಿಗ್ಗೆ ನನ್ನನ್ನು ಕೊಡೆಯೊಂದರ ಹಿಂದೆ ಸೇರಿಸಿ ಬಂದರು.

ಕೊಡೆ ಹಿಡಿದಾಕೆ ಇತಿಹಾಸ ಓದುತ್ತಿದ್ದ ಹುಡುಗಿ. ಸೇಂಟ್ ಸ್ಟೀಫನ್ ಚರ್ಚಿನ ಮುಂದಿನ ಚೌಕದಲ್ಲಿ ನಮ್ಮನ್ನು ನಿಲ್ಲಿಸಿದಳು. 136 ಮೀಟರ್ ಎತ್ತರದ ಗೋಪುರ ತೋರಿಸುತ್ತಾಳೆ ಅಂದುಕೊಂಡರೆ, ತೋರಿಸಿದ್ದು ಬಾಗಿಲ ಪಕ್ಕದ ಗೋಡೆಗೆ ಬಡಿದಿದ್ದ ಎರಡು ಕಬ್ಬಿಣದ ಸಲಾಕೆಗಳನ್ನು. ಒಂದು ನಾರುಬಟ್ಟೆಯ ಅಳತೆ, ಇನ್ನೊಂದು ಉಣ್ಣೆಬಟ್ಟೆಯದು. ಹಿಂದೆ ಆ ಚೌಕದಲ್ಲಿ ವ್ಯಾಪಾರ ನಡೆಯುವಾಗ ಬಟ್ಟೆಯವನು ಗೇಣಿಗೆ ಎರಡು ಬೆರಳು ಕದ್ದಿದ್ದಾನೆ ಅಂತ ಗುಮಾನಿ ಬಂದರೆ ನೇರ ದೇವರ ಬಾಗಿಲಿಗೆ ತಂದು ಅಳೆದು ನೋಡುತ್ತಿದ್ದರಂತೆ. ನನಗೆ ಆ ಹುಡುಗಿಯ ಮೇಲೆ ಗೌರವ ಬಂದದ್ದು ಅಲ್ಲಿ. ಗೋಪುರ ಎಲ್ಲರಿಗೂ ಕಾಣುತ್ತದೆ. ಸಲಾಕೆಯನ್ನು ಯಾರಾದರೂ ತೋರಿಸಬೇಕು. ಅದೇ ಚೌಕದ ಮೂಲೆಯಲ್ಲಿ ಗಾಜಿನ ಹಿಂದೆ ಒಂದು ಮರದ ಕಾಂಡ ಇದೆ, ಮೈತುಂಬ ಮೊಳೆ. ಶತಮಾನಗಳ ಹಿಂದೆ ಬಂದುಹೋದವರೆಲ್ಲ ಒಂದೊಂದು ಹೊಡೆದು ಹೋದದ್ದು. ನಮ್ಮೂರಿನ ಎಷ್ಟೋ ಬೇವಿನ ಮರಗಳು ಇದಕ್ಕಿಂತ ಹೆಚ್ಚು ಮೊಳೆ ತಿಂದಿವೆ. ಅವುಗಳಿಗೆ ಗಾಜು ಹಾಕುವವರಿಲ್ಲ, ಟ್ಯೂಷನ್ ಬೋರ್ಡು ಹಾಕುವವರಿದ್ದಾರೆ.

ಮುಂದೆ ಗ್ರಾಬೆನ್ ಅನ್ನುವ ಬೀದಿ. ಕಿಟಕಿಯಲ್ಲಿಟ್ಟ ಗಡಿಯಾರದ ಬೆಲೆಯಲ್ಲಿ ನಮ್ಮ ಕಡೆ ಬೋರ್ ಕೊರೆಸಿ, ಪಂಪ್ ಇಳಿಸಿ, ಸುತ್ತ ಬೇಲಿಯನ್ನೂ ಹಾಕಿಸಬಹುದು. ಈ ಥಳುಕಿನ ಬೀದಿ ಒಂದು ಕಾಲಕ್ಕೆ ರೋಮನ್ ಪಾಳೆಯದ ಕಂದಕವಾಗಿತ್ತು. ನಡುವೆ ಒಂದು ಕಂಬ, ಅದರ ಮೈತುಂಬ ಕೆತ್ತಿದ ಮೋಡ, ದೇವದೂತರು. 1679ರ ಪ್ಲೇಗಿನಲ್ಲಿ ಊರು ಬಿಟ್ಟು ಓಡಿದ ಚಕ್ರವರ್ತಿ ಲಿಯೊಪೋಲ್ಡ್ ಹೊತ್ತ ಹರಕೆಯ ಕಂಬ ಅದು. ಕೆಲವೇ ವರ್ಷಕ್ಕೆ, 1683ರಲ್ಲಿ, ತುರ್ಕರು ಊರಿಗೆ ಮುತ್ತಿಗೆ ಹಾಕಿದರು. ಸೋತು ಹೋಗುವಾಗ ಬಿಟ್ಟುಹೋದ ಫಿರಂಗಿಗಳನ್ನು ಕರಗಿಸಿ ಚರ್ಚಿಗೆ ದೊಡ್ಡ ಗಂಟೆ ಎರಕ ಹೊಯ್ದರು. 1945ರಲ್ಲಿ ಚರ್ಚಿಗೆ ಬೆಂಕಿ ಬಿದ್ದಾಗ ಆ ಗಂಟೆ ಕೆಳಗೆ ಬಿದ್ದು ಒಡೆಯಿತು. ಚೂರುಗಳನ್ನು ಕೂಡಿಸಿ ಮತ್ತೆ ಎರಕ ಹೊಯ್ದರು. ಏನನ್ನೂ ಬಿಸಾಡದ ಊರು. 1857ರಲ್ಲಿ ಕೋಟೆಗೋಡೆ ಕೆಡವಲು ಆಗಿನ ಚಕ್ರವರ್ತಿ ಅಪ್ಪಣೆ ಕೊಟ್ಟಾಗ ಆ ಜಾಗವನ್ನೂ ದಂಡ ಮಾಡಲಿಲ್ಲ. ಊರಿನ ಸುತ್ತ ವರ್ತುಲ ರಸ್ತೆ ಮಾಡಿ, ಅದರ ದಡದಲ್ಲಿ ಸಂಸತ್ತು, ಒಪೆರಾ, ವಿಶ್ವವಿದ್ಯಾಲಯ, ಮ್ಯೂಸಿಯಂ ಸಾಲಾಗಿ ಕಟ್ಟಿದರು.

ಹುಡುಗಿ ಒಂದು ಮಾತು ಹೇಳಿದಳು. 1918ರ ತನಕ ವಿಯೆನ್ನಾ ಐದು ಕೋಟಿ ಜನರ ಸಾಮ್ರಾಜ್ಯಕ್ಕೆ ರಾಜಧಾನಿ. ಸಾಮ್ರಾಜ್ಯ ಒಂದೇ ಏಟಿಗೆ ಮುರಿಯಿತು. ಜೆಕ್ಕರು, ಹಂಗೇರಿಯವರು, ಪೋಲರು ತಮ್ಮ ತಮ್ಮ ದಾರಿ ಹಿಡಿದರು. ಉಳಿದದ್ದು ಬೆಟ್ಟಗುಡ್ಡದ ಒಂದು ಪುಟ್ಟ ದೇಶ ಮತ್ತು ಅದಕ್ಕೆ ಅಳತೆ ಮೀರಿದ ಅರಮನೆಗಳು. ಆಳುವ ನಾಡು ಹೋಯಿತು, ಆಳಿದವರ ಕಟ್ಟಡಗಳು ನಿಂತಲ್ಲೇ ನಿಂತವು. ಈ ಮಾತು ಕೇಳಿದ್ದೇ ತಡ ನನ್ನ ತಲೆಯೊಳಗೆ ನಮ್ಮ ಶಿರಾ ಬಂದು ಕೂತಿತು. ಶಿರಾದಲ್ಲಿ ಆಗಿದ್ದು ಇದರ ತಿರುವುಮುರುವು.

ಬಸ್ಸಿನಲ್ಲಿ ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಹೋಗುವವರಿಗೆ ಶಿರಾ ಅಂದರೆ ತುಮಕೂರಾದ ಮೇಲೆ, ಹಿರಿಯೂರಿಗೆ ಮುಂಚೆ ನಿದ್ದೆ ತಿಳಿಯುವ ಜಾಗ. ಈ ಊರು ಒಂದು ಕಾಲಕ್ಕೆ ರಾಜಧಾನಿ ಅಂತ ಹೇಳಿದರೆ ಕಂಡಕ್ಟರ್ ನಗುತ್ತಾನೆ. ಆದರೆ ತುರ್ಕರು ವಿಯೆನ್ನಾದಿಂದ ಕಾಲ್ತೆಗೆದು ನಾಲ್ಕು ವರ್ಷವಾಗಿತ್ತಷ್ಟೆ. 1687ರಲ್ಲಿ ಔರಂಗಜೇಬನ ಸರದಾರ ಖಾಸಿಂ ಖಾನ್ ಈ ಸೀಮೆಗೆ ಬಂದು, ಹೊಸ ಮೊಗಲ್ ಪ್ರಾಂತ್ಯಕ್ಕೆ ಶಿರಾವನ್ನು ರಾಜಧಾನಿ ಮಾಡಿದ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಹೀಗೆ ಏಳು ಪರಗಣೆ. ಮೈಸೂರು, ಬಿದನೂರು, ಚಿತ್ರದುರ್ಗದವರು ಕಪ್ಪ ಕಟ್ಟಬೇಕಾಗಿದ್ದದ್ದೂ ಇಲ್ಲಿಗೇ. ಇಷ್ಟನ್ನು ನಾನು ಎಂದೂ ಪಾಠ ಮಾಡಿದ್ದಿಲ್ಲ. ಪುಸ್ತಕದಲ್ಲಿ ಇರಲಿಲ್ಲ, ಮೆಟರ್ನಿಕ್ ಇದ್ದ.

ಅಳಿಯಂದಿರು ಮಂಡ್ಯದ ಕಡೆಯವರು. ಮಗುವಿಗೆ ಕೂದಲು ಕೊಡಿಸಲು ಅಂತ ಎಲ್ಲರೂ ಊರಿಗೆ ಬಂದಾಗ, ಒಂದು ಬೆಳಿಗ್ಗೆ ತಿಂಡಿ ಮುಗಿಸಿ ಅವರೇ ಮಾತು ತೆಗೆದರು. “ಮಾವ, ಅಲ್ಲಿ ನಾನು ನಿಮಗೆ ಟೂರ್ ಮಾಡ್ಸಿದ್ದೀನಿ. ನಿಮ್ಮೂರಲ್ಲಿ ನೀವು ಮಾಡ್ಸಿ ನೋಡೋಣ.” ಅದು ತಮಾಷೆ ಅಂತ ಗೊತ್ತಿತ್ತು. ನಾನು ಒಳಗೆ ಹೋಗಿ ಕೊಡೆ ತಂದೆ.

ಶಿರಾದಲ್ಲಿ ಮೋಡವಿಲ್ಲದ ದಿನ ಕೊಡೆ ಬಿಚ್ಚಿಕೊಂಡು ನಡೆದರೆ ಏನಾಗುತ್ತದೆ ಅನ್ನುವುದನ್ನು ನಾನು ಯೋಚಿಸಿರಲಿಲ್ಲ. ಮೊದಲ ಟೀ ಅಂಗಡಿಯಲ್ಲೇ ಒಬ್ಬರು ಹೊರಗೆ ಬಂದು ಆಕಾಶ ನೋಡಿದರು. “ಏನ್ ಮೇಷ್ಟ್ರೇ, ಮಳೆ ಬರಂಗೈತಾ? ಟೀವಿನಾಗೇನಾರಾ ಅಂದ್ರಾ?” ಬರದ ಪಟ್ಟಿಯಲ್ಲಿ ಕಾಯಂ ಹೆಸರಿರುವ ತಾಲ್ಲೂಕು ನಮ್ಮದು. ಇಲ್ಲಿ ಕೊಡೆಯನ್ನು ಆಟಕ್ಕೆ ಎತ್ತಬಾರದು. ಕಡ್ಲೆಕಾಯಿ ಹಾಕಿ ಮುಗಿಲು ನೋಡುತ್ತಾ ಕೂತವರಿಗೆ ಅದೊಂದು ಸುಳ್ಳು ಸುದ್ದಿ. ಮಡಚಿ ಊರುಗೋಲು ಮಾಡಿಕೊಂಡೆ.

ಮೊದಲು ಕೋಟೆ. ಊರಿನವರು ಕಸ್ತೂರಿ ರಂಗಪ್ಪನಾಯಕನ ಕೋಟೆ ಅನ್ನುತ್ತಾರೆ. ರತ್ನಗಿರಿಯ ಪಾಳೆಯಗಾರ ರಂಗಪ್ಪನಾಯಕ ಊರನ್ನೂ ಕೋಟೆಯನ್ನೂ ಶುರು ಮಾಡಿದ. ಮುಗಿಸುವ ಮುಂಚೆಯೇ, 1638ರಲ್ಲಿ, ಬಿಜಾಪುರದ ದಂಡನಾಯಕ ರಣದುಲ್ಲಾ ಖಾನ್ ಬಂದು ಹಿಡಿದುಕೊಂಡ. ಬಾಕಿ ಕೆಲಸ ಮುಗಿಸಿ ಪೇಟೆಗೆ ಮಣ್ಣಿನ ಗೋಡೆ ಹಾಕಿಸಿದವನು ಅವರ ಕಡೆಯ ಅಧಿಕಾರಿ ಮಲಿಕ್ ಹುಸೇನ್. ತಳಪಾಯ ಒಬ್ಬರದು, ಗೃಹಪ್ರವೇಶ ಇನ್ನೊಬ್ಬರದು. ಕಂದಕ ಇನ್ನೂ ಕಂದಕವಾಗಿಯೇ ಇದೆ. ವಿಯೆನ್ನಾದವರಂತೆ ಅದರ ಮೇಲೆ ಗಡಿಯಾರದ ಅಂಗಡಿ ಇಡಬೇಕು ಅಂತ ನಮಗೆ ಹೊಳೆಯಲಿಲ್ಲ. ಅದೇ ಒಳ್ಳೆಯದಾಯಿತು.

ಅಳಿಯಂದಿರಿಗೆ ಖಾಸಿಂ ಖಾನನ ಕಥೆ ಹೇಳಿದ್ದು ಕೋಟೆಗೋಡೆಯ ನೆರಳಿನಲ್ಲಿ. 1687ರಲ್ಲಿ ಮರಾಠರ ಕೈಯಿಂದ ಬೆಂಗಳೂರನ್ನು ಕಸಿದುಕೊಂಡ ಈತ ಅದನ್ನು ಇಟ್ಟುಕೊಳ್ಳಲಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಕೊಟ್ಟುಬಿಟ್ಟ. ಕೇಳಿ ಅಳಿಯಂದಿರು ಕೂತಲ್ಲಿಂದ ಎದ್ದರು. “ಬೆಂಗ್ಳೂರು? ಇಡೀ ಬೆಂಗ್ಳೂರಾ?” ಮೂರು ಲಕ್ಷಕ್ಕೆ ಈಗ ಅಲ್ಲಿ ಬಾಡಿಗೆ ಮನೆಯ ಅಡ್ವಾನ್ಸಿಗೂ ಒದ್ದಾಡಬೇಕು. ಖಾನನಿಗೆ ಆ ದುಡ್ಡು ದಕ್ಕಲಿಲ್ಲ ಅನ್ನಬೇಕು. 1695ರಲ್ಲಿ ಮರಾಠರ ಸಂತಾಜಿ ಘೋರ್ಪಡೆ ಅವನನ್ನು ಚಳ್ಳಕೆರೆ ಸೀಮೆಯ ದೊಡ್ಡೇರಿಯಲ್ಲಿ ಅಡ್ಡಗಟ್ಟಿ ಮುತ್ತಿಗೆ ಹಾಕಿದ. ಅನ್ನ ನೀರು ನಿಂತಿತು. ಖಾನ್ ಅಲ್ಲೇ ಸತ್ತ. ವಿಷ ಕುಡಿದ ಅನ್ನುತ್ತಾರೆ ಕೆಲವರು, ಅಫೀಮು ಸಿಗದೆ ಹೋದ ಅನ್ನುತ್ತಾರೆ ಇನ್ನು ಕೆಲವರು. ಗೈಡುಗಳು ಇಂಥ ಕಡೆ ಎರಡೂ ಹೇಳಿ, ಒಂದು ಗುಟುಕು ನೀರು ಕುಡಿದು, ಮುಂದಕ್ಕೆ ನಡೆಯುತ್ತಾರೆ. ನಾನೂ ನಡೆದೆ.

ಮಲಿಕ್ ರಿಹಾನ್ ದರ್ಗಾ 1651ರದು. ಮೊಗಲರಿಗಿಂತ ಮುಂಚಿನದು, ಬಿಜಾಪುರದ ಆಳ್ವಿಕೆಯ ಕಾಲದ ಅಧಿಕಾರಿಯ ಗೋರಿ. ಗುಮ್ಮಟದ ಬುಡಕ್ಕೆ ಸುತ್ತುವರಿದ ಕಲ್ಲಿನ ಎಸಳುಗಳನ್ನು ನೋಡಿದರೆ ಬಿಜಾಪುರದ ಕೈ ಗೊತ್ತಾಗುತ್ತದೆ. ಅಧಿಕಾರಿ ಸತ್ತ ಮೇಲೆ ಸಂತನಾಗಿದ್ದಾನೆ. ಹರಕೆ ಹೊತ್ತವರು ಬರುತ್ತಾರೆ, ಮಗುವಿಗೆ ನವಿಲುಗರಿ ತಾಗಿಸಿಕೊಂಡು ಹೋಗುತ್ತಾರೆ. ಅಮಲ್ದಾರನೊಬ್ಬ ಹೀಗೆ ಬಡ್ತಿ ಪಡೆದದ್ದು ನನ್ನ ಸರ್ವಿಸಿನಲ್ಲಿ ನಾನು ಕಂಡಿಲ್ಲ. ಜುಮ್ಮಾ ಮಸೀದಿ 1696ರದು, ಕೆತ್ತಿದ ಕಲ್ಲಿನ ಕಟ್ಟಡ. ಎರಡೂ ಕಡೆ ಪುರಾತತ್ವ ಇಲಾಖೆಯ ನೀಲಿ ಬೋರ್ಡು ಇದೆ. ಆ ಬೋರ್ಡಿನಲ್ಲಿ ಕಟ್ಟಡಕ್ಕೆ ಹಾನಿ ಮಾಡಿದರೆ ಏನು ಶಿಕ್ಷೆ ಅನ್ನುವುದು ಇರುತ್ತದೆ. ಕಟ್ಟಡ ಯಾರದು, ಯಾಕೆ ಇಲ್ಲಿ ಇದೆ ಅನ್ನುವುದಕ್ಕೆ ಜಾಗ ಸಾಲುವುದಿಲ್ಲ.

“ಆಯ್ತು, ಅರಮನೆ ಎಲ್ಲಿ?” ಅಂದರು ಅಳಿಯಂದಿರು. ರಾಜಧಾನಿ ಅಂದಮೇಲೆ ಕೇಳುವುದು ನ್ಯಾಯವೇ. ಮೊಗಲರ ಕಡೆಯ ಸುಬೇದಾರರಲ್ಲಿ ದಿಲಾವರ್ ಖಾನ್ ಅನ್ನುವವನು ಇಲ್ಲಿ ಸೊಗಸಾದ ಅರಮನೆ ಕಟ್ಟಿಸಿದ್ದ, ಖಾನ್‌ಬಾಗ್ ಅನ್ನುವ ತೋಟ ಇತ್ತು. ಅವನ ಕಾಲದಲ್ಲಿ ಊರಿನಲ್ಲಿ ಐವತ್ತು ಸಾವಿರ ಮನೆ ಇದ್ದವು ಅಂತ ಬಿ.ಎಲ್. ರೈಸ್ ಸಾಹೇಬರ ಗೆಜೆಟಿಯರ್ ಹೇಳುತ್ತದೆ. ಐವತ್ತು ಸಾವಿರ ಅನ್ನುವುದು ನನಗೆ ಹೊಟ್ಟೆಗೆ ಇಳಿಯದ ಲೆಕ್ಕ. ಅರ್ಧ ಕಳೆದರೂ ದೊಡ್ಡ ಊರೇ. ಈಗ ಇದು ಅರಮನೆ ಅಂತ ಕೈ ಮಾಡಿ ತೋರಿಸುವಂಥದ್ದು ಏನೂ ಉಳಿದಿಲ್ಲ, ಖಾನ್‌ಬಾಗ್ ಎಲ್ಲಿಂದ ಎಲ್ಲಿಯ ತನಕ ಇತ್ತೆಂದು ಬೀದಿಯಲ್ಲಿ ಕೇಳಿದರೆ, “ಆ ಬಡಾವಣೆ ಯಾವ ವಾರ್ಡಿಗೆ ಬರ್ತದೆ ಸಾರ್?” ಅಂತ ತಿರುಗಿ ಕೇಳುತ್ತಾರೆ.

“ಅರಮನೆ ಬೆಂಗಳೂರಿನಲ್ಲಿದೆ” ಅಂದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

1757ರಲ್ಲಿ ಮರಾಠರು ಶಿರಾ ಹಿಡಿದರು. 1759ರಲ್ಲಿ ಬಿಟ್ಟುಕೊಟ್ಟರು, ಮತ್ತೆ ಹಿಡಿದರು. 1761ರಲ್ಲಿ ನಿಜಾಮನ ತಮ್ಮ ಬಸಾಲತ್ ಜಂಗ್ ಹೊಸಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ಕೈಯಲ್ಲಿ ಕಾಸಿರಲಿಲ್ಲ. ಹೈದರಾಲಿ ಮೂರು ಲಕ್ಷ ರೂಪಾಯಿ ಕೊಟ್ಟ. ಪ್ರತಿಯಾಗಿ ‘ಶಿರಾದ ನವಾಬ’ ಅನ್ನುವ ಪದವಿ ಪಡೆದ. ಶಿರಾ ಆಗ ಇದ್ದದ್ದು ಮರಾಠರ ಸ್ವಾಧೀನದಲ್ಲಿ. ಮಾರಿದವನದಲ್ಲ, ಕೊಂಡವನದೂ ಅಲ್ಲ. ಬೇರೆಯವರ ಅನುಭವದಲ್ಲಿರುವ ಜಮೀನಿನ ಪತ್ರ ಕೊಂಡು, ಆಮೇಲೆ ಹೋಗಿ ಸ್ವಾಧೀನ ತೆಗೆದುಕೊಳ್ಳುವ ಪದ್ಧತಿ ಈಗಿನ ಬೆಂಗಳೂರಿನ ಸುತ್ತಮುತ್ತ ಹುಟ್ಟಿದ್ದು ಅಂತ ತಿಳಿದವರು ಈ ವ್ಯವಹಾರವನ್ನು ಒಮ್ಮೆ ನೋಡಬೇಕು. ಎಪ್ಪತ್ತನಾಲ್ಕು ವರ್ಷದ ಅಂತರದಲ್ಲಿ ಬೆಂಗಳೂರಿಗೂ ಮೂರು ಲಕ್ಷ, ಶಿರಾದ ನವಾಬಗಿರಿಗೂ ಮೂರು ಲಕ್ಷ. ಆ ಕಾಲದಲ್ಲಿ ಭೂಮಿಯ ಬೆಲೆ ಏರುತ್ತಿರಲಿಲ್ಲ ಅಂತ ಕಾಣುತ್ತದೆ. ಅಥವಾ ಮೂರು ಲಕ್ಷ ಅನ್ನುವುದು ದೊಡ್ಡವರ ವ್ಯವಹಾರದಲ್ಲಿ ಬಾಯಿಗೆ ಬರುವ ಮೊತ್ತವೋ ಏನೋ.

ಹೈದರ್ ಶಿರಾವನ್ನು ನೋಡಿದ, ಮೆಚ್ಚಿದ. ಮೆಚ್ಚಿದ ದೊರೆಗಳು ಆ ಊರಿನಲ್ಲೇ ನೆಲೆಸಬೇಕು ಅಂತೇನಿಲ್ಲ. ಮೆಚ್ಚಿದ್ದನ್ನು ತಮ್ಮ ಊರಿನಲ್ಲಿ ಮಾಡಿಸಿಕೊಳ್ಳುತ್ತಾರೆ. ಬೆಂಗಳೂರಿನ ಲಾಲ್‌ಬಾಗಿಗೆ ಶಿರಾದ ಖಾನ್‌ಬಾಗೇ ಮೇಲ್ಪಂಕ್ತಿ ಅನ್ನುತ್ತಾರೆ. ದಿಲಾವರ್ ಖಾನನ ಅರಮನೆಯ ಮಾದರಿಯಲ್ಲೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳನ್ನು ಹೈದರ್, ಟಿಪ್ಪು ಅಪ್ಪ ಮಗ ಕಟ್ಟಿಸಿದರು ಅಂತ ರೈಸ್ ಬರೆದಿದ್ದಾರೆ. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಹತ್ತಿರ ತೇಗದ ಕಂಬಗಳ ಟಿಪ್ಪು ಅರಮನೆ ಇದೆಯಲ್ಲ, 1791ರಲ್ಲಿ ಮುಗಿದದ್ದು, ಅದರ ಹಜಾರದಲ್ಲಿ ನಿಂತರೆ ನಮ್ಮೂರಿನಲ್ಲಿ ಇಲ್ಲದ ಅರಮನೆಯ ಹಜಾರದಲ್ಲಿ ನಿಂತಂತೆಯೇ. ಇನ್ನು ಶ್ರೀರಂಗಪಟ್ಟಣದ ಕಡೆಯ ಕಥೆ ಇನ್ನೂ ದೂರ ಹೋಗುತ್ತದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಅಲ್ಲಿಯ ಅರಮನೆಗಳೂ ಬಿದ್ದವು. 1829ರಲ್ಲಿ ಊಟಿಯಲ್ಲಿ ಇಂಗ್ಲಿಷರು ಚರ್ಚಿಗೆ ಅಡಿಗಲ್ಲು ಹಾಕಿದಾಗ, ಶ್ರೀರಂಗಪಟ್ಟಣದ ಟಿಪ್ಪು ಅರಮನೆಯೊಂದರ ತೊಲೆಗಳನ್ನು ಘಾಟಿ ಹತ್ತಿಸಿ ಒಯ್ದು ಅದರ ಸೂರಿಗೆ ಏರಿಸಿದರು. ಆ ಚರ್ಚಿನ ಹೆಸರು ಸೇಂಟ್ ಸ್ಟೀಫನ್. ವಿಯೆನ್ನಾದ ಚೌಕದಲ್ಲಿ ನಾನು ಕತ್ತೆತ್ತಿ ನೋಡಿದ ಚರ್ಚೂ ಅದೇ ಸಂತನದು. ಅದರ ಮರದ ಸೂರು 1945ರ ಬೆಂಕಿಯಲ್ಲಿ ಹೋಯಿತು, ಈಗ ಇರುವುದು ಉಕ್ಕಿನದು. ಶಿರಾ ನೋಡಿ ಕಲಿತ ಊರಿನ ತೊಲೆಗಳು ಮಾತ್ರ ಊಟಿಯ ಚಳಿಯಲ್ಲಿ ಗಟ್ಟಿಯಾಗಿವೆ.

ಇಷ್ಟನ್ನೆಲ್ಲ ಹೆಮ್ಮೆಯಿಂದಲೇ ಹೇಳಿದೆ. ಆದರೆ ಊರಿನಿಂದ ಹೋದದ್ದು ತೋಟದ ನಕ್ಷೆ, ಅರಮನೆಯ ಅಂದ ಮಾತ್ರ ಅಲ್ಲ.

ಶ್ರೀರಂಗಪಟ್ಟಣದ ಕೋಟೆಯ ಆಚೆ ಟಿಪ್ಪು ಗಂಜಾಂ ಅನ್ನುವ ಹೊಸ ಪೇಟೆ ಕಟ್ಟಿಸಿದ. ಪೇಟೆ ಅಂದಮೇಲೆ ಜನ ಬೇಕು. ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತದಿಂದ ಎಬ್ಬಿಸಿ ಅಲ್ಲಿಗೆ ಸಾಗಿಸಿದರು. ಈ ಸಂಖ್ಯೆಯೂ ರೈಸರದೇ. ಐವತ್ತು ಸಾವಿರವನ್ನು ಅನುಮಾನಿಸಿದವನು ಹನ್ನೆರಡು ಸಾವಿರವನ್ನೂ ಅನುಮಾನಿಸಬೇಕು, ನಿಜ. ಎರಡು ಸಾವಿರ ಅಂತಲೇ ಇಟ್ಟುಕೊಳ್ಳೋಣ. ಶಿರಾದಿಂದ ಶ್ರೀರಂಗಪಟ್ಟಣಕ್ಕೆ ಈಗ ಕಾರಿನಲ್ಲಿ ಹೋದರೂ ಅರ್ಧ ದಿನ ಹಿಡಿಯುತ್ತದೆ. ಅವರು ಹೋದದ್ದು ಗಾಡಿಯಲ್ಲಿ, ಇಲ್ಲದವರು ಕಾಲಲ್ಲಿ. ನೇಯುವವರು ಮಗ್ಗ ಬಿಚ್ಚಿ ಕಟ್ಟಿಕೊಂಡಿರಬೇಕು. ಅಂಗಡಿಯವರು ಸಾಲದ ಬಾಕಿ ಯಾರಲ್ಲಿ ವಸೂಲು ಮಾಡುವುದು ಅಂತ ಕೂಗಾಡಿರಬೇಕು. ಹೂಳಿಟ್ಟ ಹಣ ಅಗೆದುಕೊಳ್ಳಲು ಹೊತ್ತಿತ್ತೋ ಇಲ್ಲವೋ. ವಯಸ್ಸಾದವರನ್ನು ಕರೆದೊಯ್ದರೋ, ಬೀಗ ಹಾಕಿದ ಮನೆಯ ಜಗುಲಿಯ ಮೇಲೆ ಬಿಟ್ಟುಹೋದರೋ. ಇದನ್ನು ಯಾರೂ ಬರೆದಿಡಲಿಲ್ಲ. ಕಂಪನಿಯವರು 1800ರಲ್ಲಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಶಿರಾ ಎರಡನ್ನೂ ಸುತ್ತಿದ. ಏನು ಬೆಳೆಯುತ್ತದೆ, ಏನು ನೇಯುತ್ತಾರೆ, ಏನು ಎಲ್ಲಿಗೆ ಮಾರಾಟವಾಗುತ್ತದೆ ಅಂತ ಕೇಳಿ ಕೇಳಿ ಬರೆದುಕೊಂಡ. ಅವನ ಕೆಲಸ ಅದಾಗಿತ್ತು.

ಟಿಪ್ಪುವಿನ ಹೆಸರೆತ್ತಿದರೆ ಈಗ ನಮ್ಮ ಟೀ ಅಂಗಡಿಗಳಲ್ಲಿ ತಕ್ಷಣ ಎರಡು ಪಕ್ಷ ಆಗುತ್ತವೆ. ಒಬ್ಬರು ರಾಕೆಟ್ಟು ಅನ್ನುತ್ತಾರೆ, ಇನ್ನೊಬ್ಬರು ಬೇರೆ ಏನೋ ಅನ್ನುತ್ತಾರೆ, ಟೀ ಆರುತ್ತದೆ. ನಮ್ಮದೇ ಊರಿನಿಂದ ಎಬ್ಬಿಸಿಕೊಂಡು ಹೋದ ಆ ಮನೆಗಳ ಮಾತನ್ನು ಎರಡೂ ಪಕ್ಷದವರು ಎತ್ತಿದ್ದನ್ನು ನಾನು ಕೇಳಿಲ್ಲ. ದೊರೆಯನ್ನು ಹೊಗಳಲು, ಬೈಯಲು ಬೇಕಾದಷ್ಟು ಸಾಮಗ್ರಿ ಇರುವಾಗ ಗಾಡಿಯ ಹಿಂದೆ ನಡೆದವರು ಯಾರಿಗೆ ಬೇಕು.

ವಿಯೆನ್ನಾದಲ್ಲಿ ಯೂದೆನ್‌ಪ್ಲಾಟ್ಸ್ ಅಂತ 2000ದಲ್ಲಿ ಸ್ಮಾರಕ ಎದ್ದ ಒಂದು ಚೌಕ ಇದೆ. ಅಲ್ಲಿಗೆ ಬಂದಾಗ ಗೈಡು ಹುಡುಗಿ ಕೊಡೆ ಮಡಚಿದಳು. ಚೌಕದ ನಡುವೆ ಕಾಂಕ್ರೀಟಿನ ಒಂದು ಕೋಣೆ, ಹೊರಗೋಡೆ ಪೂರ್ತಿ ಪುಸ್ತಕಗಳ ಸಾಲು, ಬೆನ್ನು ಒಳಕ್ಕೆ ತಿರುಗಿದ್ದರಿಂದ ಒಂದರ ಹೆಸರೂ ಕಾಣುವುದಿಲ್ಲ. ಬಾಗಿಲಿದೆ, ತೆರೆಯುವುದಿಲ್ಲ. ನಾಜಿಗಳು ಕೊಂದ ಆಸ್ಟ್ರಿಯಾದ 65,000 ಯೆಹೂದಿಗಳಿಗಾಗಿ ಮಾಡಿದ್ದು. ನಾನು ಅದನ್ನೂ ಇದನ್ನೂ ತಕ್ಕಡಿಯಲ್ಲಿ ಇಡುತ್ತಿಲ್ಲ; ಕೊಲ್ಲಲು ಒಯ್ಯುವುದು ಬೇರೆ, ಪೇಟೆ ತುಂಬಿಸಲು ಒಯ್ಯುವುದು ಬೇರೆ. ಆದರೆ ಅರಮನೆ ಇದ್ದ ಊರಿನಲ್ಲಿ ಅರಮನೆಗಳ ಮಾತಷ್ಟೇ ಆಡಿ ಟೋಪಿ ಹಿಡಿಯಬಾರದು ಅಂತ ಆ ಹುಡುಗಿಗೆ ಗೊತ್ತಿತ್ತು. ನಮ್ಮ ಬಸ್ ಸ್ಟ್ಯಾಂಡಿನ ಎದುರು ಹುತಾತ್ಮರು, ನಾಯಕರು, ನಾಯಕರ ಹುಟ್ಟುಹಬ್ಬಕ್ಕೆ ಶುಭ ಕೋರುವವರು ಎಲ್ಲರಿಗೂ ಜಾಗ ಇದೆ. ಇಲ್ಲಿಂದ ಇಷ್ಟು ಮನೆಗಳು ಖಾಲಿಯಾದವು ಅಂತ ಎರಡು ಸಾಲಿನ ಒಂದು ಕಲ್ಲಿಗೂ ಜಾಗ ಸಿಕ್ಕೀತು.

ಈ ಸೀಮೆಗೆ ಇದು ಹೊಸದೇನಲ್ಲ. ಶಿರಾದಿಂದ ಆಂಧ್ರದ ಗಡಿ ದಾಟಿದರೆ ಹೇಮಾವತಿ ಸಿಗುತ್ತದೆ. ಹೆಂಜೇರು ಅಂತ ಹಳೆಯ ಹೆಸರು, ನೊಳಂಬವಾಡಿಯನ್ನು ಆಳಿದ ನೊಳಂಬರ ರಾಜಧಾನಿ. ದೊಡ್ಡೇಶ್ವರ ದೇವಾಲಯದಲ್ಲಿ ಅವರ ಕಂಬಗಳನ್ನು ನೋಡಬಹುದು. ಉಳಿದವನ್ನು ನೋಡಬೇಕಾದರೆ ತಂಜಾವೂರಿನ ಹತ್ತಿರದ ತಿರುವೈಯಾರಿಗೆ ಹೋಗಬೇಕು. ಚೋಳರು ಗೆದ್ದಾಗ ಕಂಬಗಳನ್ನೇ ಕಿತ್ತು ಒಯ್ದು ಅಲ್ಲಿಯ ಗುಡಿಗೆ ನಿಲ್ಲಿಸಿಕೊಂಡರು. ಪಾವಗಡ ತಾಲ್ಲೂಕಿನ ನಿಡುಗಲ್ಲು ಇನ್ನೊಂದು ರಾಜಧಾನಿ, ಇರುಂಗೋಳ ಚೋಳರದು. ಅಲ್ಲಿ ಕೋಟೆ, ಗುಡಿ, ಬಸದಿ ಎಲ್ಲ ಇವೆ, ಆದರೆ ಅದು ನಿಜವಾದ ಕಾಲ್ನಡಿಗೆಯ ಟೂರು. ಬೆಟ್ಟ ಹತ್ತಿದವರಿಗೆ ಮಾತ್ರ. ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಅಳಿಯಂದಿರು ಅರ್ಧ ಹತ್ತಿ ಸೆಲ್ಫಿ ತೆಗೆದುಕೊಂಡು ಇಳಿದರು, ಅವರನ್ನು ನಾನು ದೂರುವುದಿಲ್ಲ. ಮೇಲಿನ ಮೆಟ್ಟಿಲು ಮೆಟ್ಟಿಲಲ್ಲ, ಬಂಡೆಯ ಮೇಲೆ ಕೊರೆದ ಹೆಜ್ಜೆಗುಂಡಿ. ಆ ಬೆಟ್ಟದ ಮೇಲೂ ಬೇರೆ ಊರಿನ ರಾಜಧಾನಿಯ ಚೂರೊಂದು ಬಂದು ಬಿದ್ದಿತ್ತು. 1763ರಲ್ಲಿ ಹೈದರ್ ಬಿದನೂರನ್ನು ಗೆದ್ದು, ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಮಗನನ್ನೂ ತಂದು ಸೆರೆ ಇಟ್ಟದ್ದು ಮಧುಗಿರಿಯಲ್ಲಿ. ಮಲೆನಾಡಿನ ಮಳೆ ಕಂಡವಳು ಈ ಬಂಡೆಯ ಕಾವಿನಲ್ಲಿ ನಾಲ್ಕು ಬೇಸಿಗೆ ಕಳೆದಳು. 1767ರಲ್ಲಿ ಮರಾಠರು ಕೋಟೆ ಹಿಡಿದು ಬಿಡಿಸಿ ಪುಣೆಯ ಕಡೆ ಕರೆದೊಯ್ದರು, ದಾರಿಯಲ್ಲೇ ತೀರಿಕೊಂಡಳು. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಬರುವ ಸಾವಿರಾರು ಜನ ಬೆಟ್ಟದ ಬುಡದಲ್ಲೇ ಅಡುಗೆ ಮಾಡಿ ಉಂಡು ಹೋಗುತ್ತಾರೆ. ಮೇಲೆ ಒಬ್ಬ ರಾಣಿ ಇದ್ದಳು ಅನ್ನುವುದನ್ನು ಹೇಳುವ ಕೊಡೆ ಅಲ್ಲಿಯೂ ಇಲ್ಲ.

ಕೊರಟಗೆರೆಯಲ್ಲಿ ಪಾಳೆಯಗಾರರಿದ್ದರು. ಆದರೆ ಆ ದಾರಿಯ ಬಸ್ಸಿನಲ್ಲಿ ಅರ್ಧ ಜನ ಗೊರವನಹಳ್ಳಿಯ ಲಕ್ಷ್ಮಿಗೆ ಹೊರಟವರು, ಉಳಿದರ್ಧ ಸಿದ್ಧರಬೆಟ್ಟಕ್ಕೆ. ನಾವೂ ಇಳಿಯಲಿಲ್ಲ, ಕಿಟಕಿಯಲ್ಲಿ ಸೌತೆಕಾಯಿ ಕೊಂಡು ಮುಂದೆ ಹೋದೆವು.

ಪಾವಗಡಕ್ಕೆ ಹೋದದ್ದು ಶನಿಮಹಾತ್ಮನ ದರ್ಶನಕ್ಕೆ. ಬೀಗಿತ್ತಿಯವರ ಹರಕೆ ಇತ್ತು. ಬರುವಾಗ ಅಳಿಯಂದಿರು ತಿರುಮಣಿಯ ಸೋಲಾರ್ ಪಾರ್ಕ್ ನೋಡಬೇಕು ಅಂದರು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ರಸ್ತೆಯ ಎರಡೂ ಕಡೆ ದಿಗಂತದ ತನಕ ಕಪ್ಪು ಗಾಜು. ಜಮೀನನ್ನು ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ವರ್ಷಕ್ಕೆ ಎಕರೆಗೆ ಇಷ್ಟು ಅಂತ ಬಾಡಿಗೆ ಬರುತ್ತದೆ. ಮಳೆಯನ್ನು ನಂಬಿ ಕೆಟ್ಟವರಿಗೆ ಬಿಸಿಲಿನಿಂದ ಬಾಡಿಗೆ ಬಂದದ್ದನ್ನು ನಾನು ಹಗುರ ಮಾಡುವುದಿಲ್ಲ. ಜಮೀನೇ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಏನು ಬಂತು ಅನ್ನುವುದು ಬೇರೆ ಪ್ರಶ್ನೆ, ಆ ಪ್ರಶ್ನೆಗೆ ಪಾರ್ಕಿನ ಗೇಟಿನಲ್ಲಿ ಉತ್ತರ ಸಿಗುವುದಿಲ್ಲ. ಒಂದು ಮಾತ್ರ ನೋಡಿದೆ. ಗಾಜಿನ ಸಾಲಿನ ಆಚೆ ದೊಡ್ಡ ತಂತಿಗಳು ಗೋಪುರದಿಂದ ಗೋಪುರಕ್ಕೆ ಹಾರಿಕೊಂಡು ಊರಿನಿಂದ ಹೊರಗೆ ಹೋಗುತ್ತಿದ್ದವು. ಕಂಬ ಹೋಯಿತು, ತೋಟ ಹೋಯಿತು, ಜನ ಹೋದರು, ಈಗ ಬಿಸಿಲು ಹೋಗುತ್ತಿದೆ. ಅದೇ ದಾರಿಯಲ್ಲಿ ಸೋಮವಾರ ಬೆಳಿಗ್ಗೆಯ ಬಸ್ಸುಗಳಲ್ಲಿ ನಮ್ಮ ಹುಡುಗರು ನಿಂತುಕೊಂಡು ಬೆಂಗಳೂರಿಗೆ ಹೋಗುತ್ತಾರೆ.

ಟೂರಿನ ಕೊನೆಯ ತಾಣವನ್ನು ನಾನು ಮೊದಲೇ ಗೊತ್ತುಮಾಡಿದ್ದೆ. ಬೀಗರ ಮನೆಗೆ ಮಂಡ್ಯಕ್ಕೆ ಹೋದವರು, ಮಾರನೆಯ ದಿನ ಶ್ರೀರಂಗಪಟ್ಟಣ ನೋಡುವ ನೆಪದಲ್ಲಿ ಗಂಜಾಂಗೆ ಹೋದೆವು. ಎಲ್ಲರೂ ಗುಂಬಜ್ ನೋಡಲು, ಸಂಗಮದಲ್ಲಿ ಕಾಲು ತೊಳೆಯಲು ಹೋಗುವ ದಾರಿ ಅದು. ಗಂಜಾಂ ಅಂದರೆ ಹಿಂದಿನವರಿಗೆ ಅಂಜೂರ. ನಾನು ಅಂಜೂರಕ್ಕೆ ಹೋಗಿರಲಿಲ್ಲ. ಬೀದಿಯಲ್ಲಿ ಓಡಾಡುತ್ತಾ ಮನೆಗಳ ಜಗುಲಿ, ಬಾಗಿಲುವಾಡ, ಮುದುಕರ ಮೂಗು ನೋಡುತ್ತಿದ್ದೆ. ಏನು ಹುಡುಕುತ್ತಿದ್ದೇನೆ ಅಂತ ಅಳಿಯಂದಿರಿಗೆ ತಿಳಿದಿತ್ತು, ಮಗಳಿಗೆ ಮುಜುಗರವಾಗಿ ಕಾರಿನಲ್ಲೇ ಕೂತಿದ್ದಳು.

ಒಂದು ಕಿರಾಣಿ ಅಂಗಡಿಯಲ್ಲಿ ನನ್ನ ವಯಸ್ಸಿನವರೊಬ್ಬರು ಕೂತಿದ್ದರು. ಮಗುವಿಗೆ ಬಿಸ್ಕತ್ತು ಕೊಂಡು ಮಾತಿಗೆಳೆದೆ. ಶಿರಾದಿಂದ ಬಂದಿದ್ದೇನೆ ಅಂದೆ. ಟಿಪ್ಪು ಕಾಲದಲ್ಲಿ ಶಿರಾದಿಂದ ಇಲ್ಲಿಗೆ ತುಂಬ ಮನೆಗಳು ಬಂದವಂತೆ, ನಿಮ್ಮ ಹಿರಿಯರು ಯಾವ ಕಡೆಯವರು ಅಂತ ಕೇಳಿದೆ. ಅವರು ತಕ್ಕಡಿಯ ಮೇಲಿನ ಬೆಲ್ಲವನ್ನು ಕಾಗದಕ್ಕೆ ಸುರಿದು, ದಾರ ಸುತ್ತಿ, ಗಿರಾಕಿಗೆ ಕೊಟ್ಟು, ಕಾಸು ಎಣಿಸಿ ಹಾಕಿಕೊಂಡು, ಆಮೇಲೆ ನನ್ನ ಕಡೆ ತಿರುಗಿದರು.

“ನಮ್ಮ ತಾತ ಅಂತಿದ್ರು, ಯಾವ್ದೋ ಬಯಲುಸೀಮೆ ಕಡೆಯೋರಂತೆ ನಾವು, ನೀರಿಲ್ಲದ್ ಊರಂತೆ. ಹೆಸ್ರು ಗ್ಯಾಪ್ಕ ಇಲ್ಲ ಸಾ.” ಸ್ವಲ್ಪ ಹೊತ್ತು ನನ್ನನ್ನು ನೋಡಿ, ಗಲ್ಲಾದ ಮೇಲಿನಿಂದ ಮುಂದಕ್ಕೆ ಬಾಗಿ ಕೇಳಿದರು: “ಸಿರಾದಲ್ಲಿ ಈಗ ಸೈಟು ಏನ್ ರೇಟಿದೆ? ಹೈವೇ ಪಕ್ಕ?”